ಅನ್ನದ ಋಣವೂ ದುಡಿಮೆಯ ಹಕ್ಕೂ

(ನಾಗಪುರದ ಕನ್ನಡಿಗರ ಮೇ ದಿನದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮೇ ಒಂದನೆಯ ತಾರೀಖು ಮಹಾರಾಷ್ಟ್ರದಲ್ಲಿ ಸಾರ್ವತ್ರಿಕ ರಜೆ. 1960ರ ಆ ದಿನ ಈ ರಾಜ್ಯ ಜನ್ಮ ತಾಳಿದ್ದರಿಂದ ಅದು ಇಲ್ಲಿನವರಿಗೆ ರಾಜ್ಯೋತ್ಸವ. ದುಡಿಯುವವರ ದಿನವೆಂಬ ಅದರ ಇನ್ನೊಂದು ಅರ್ಥ ಧ್ವಜವಂದನೆಯ ಸಡಗರದಲ್ಲಿ ಹಿಂದೆ ಸರಿಯುತ್ತದೆ. ಹೊರನಾಡ ಕನ್ನಡಿಗರಾದ ನಾವಂತೂ ನಮ್ಮ ಉತ್ಸಾಹವನ್ನೆಲ್ಲ ನವೆಂಬರ್ ಒಂದಕ್ಕೆ ಮೀಸಲಿಟ್ಟವರು. ಹಾಗಿರುವಾಗ ಸಂಘದ ಕಾರ್ಯದರ್ಶಿಗಳು ಈ ದಿನವೇ ಸಭೆ ಕರೆದು, ಕಾರ್ಮಿಕ ಕಾಯಿದೆಗಳ ಬಗ್ಗೆ ಮಾತನಾಡಬೇಕೆಂದು ಕೇಳಿಕೊಂಡದ್ದು ನನಗೆ ಸಂತೋಷವನ್ನೂ ತುಸು ಅಚ್ಚರಿಯನ್ನೂ ತಂದಿತು. ಈ ನಗರದ ಕಾರ್ಮಿಕ ನ್ಯಾಯಾಲಯದಲ್ಲಿ ಮೂವತ್ತು ವರ್ಷ ವಕೀಲಿ ಮಾಡಿದ ನನ್ನಂಥವನ ನೆನಪು ಸಂಘಕ್ಕೆ ಸಾಮಾನ್ಯವಾಗಿ ಆಗುವುದು ನಾಡಹಬ್ಬದ ವಂತಿಗೆಯ ಕಾಲದಲ್ಲಿ ಮಾತ್ರ.

ಕಾಯಿದೆಯ ಕಲಮುಗಳನ್ನು ಒಂದೊಂದಾಗಿ ಓದಿ ನಿಮಗೆ ಬೇಸರ ಹುಟ್ಟಿಸುವ ಇಚ್ಛೆ ನನಗಿಲ್ಲ. ನಾನು ಹೇಳಬೇಕೆಂದಿರುವುದು ಒಂದೇ ವಿಚಾರ. ಧಣಿಯ ಉಪಕಾರ ಬೇರೆ, ದುಡಿಯುವವನ ಹಕ್ಕು ಬೇರೆ. ಇವೆರಡನ್ನೂ ಒಂದೆಂದು ತಿಳಿಯುವ ರೂಢಿ ನಮ್ಮವರಲ್ಲಿ, ಅದರಲ್ಲೂ ಊರು ಬಿಟ್ಟು ಬಂದು ಒಬ್ಬರಿಗೊಬ್ಬರು ಆಸರೆಯಾಗಿ ಬದುಕಿದ ಹೊರನಾಡಿಗರಲ್ಲಿ, ಬಲವಾಗಿದೆ. ಅದರ ಬೆಲೆಯನ್ನು ತೆರುತ್ತಿರುವವರು ಯಾರು ಎಂಬುದನ್ನು ಈ ದಿನ ನಾವು ನೋಡಬೇಕಾಗಿದೆ. ಇದನ್ನು ಅರಿಯಲು ಎಲ್ಲಿಗೂ ಹೋಗಬೇಕಾಗಿಲ್ಲ. ನಾವು ವಾಸಿಸುವ ಈ ನಾಗಪುರದ ಚರಿತ್ರೆಯಲ್ಲಿಯೇ ಅದಕ್ಕೆ ಬೇಕಾದ ಪಾಠಗಳಿವೆ.

ಜಮ್‌ಸೇಠ್‌ಜಿ ಟಾಟಾ ಅವರು ಮುಂಬಯಿಯನ್ನು ಬಿಟ್ಟು ಈ ಊರಿನಲ್ಲಿ ಹತ್ತಿಯ ಗಿರಣಿ ಕಟ್ಟಲು 1874ರಲ್ಲಿ ಕಂಪನಿಯನ್ನು ಸ್ಥಾಪಿಸಿದರು. ಹತ್ತಿ ಬೆಳೆಯುವ ನೆಲ ಹತ್ತಿರ, ರೈಲು ಹತ್ತಿರ, ಕಲ್ಲಿದ್ದಲು ಹತ್ತಿರ. 1877ರ ಜನವರಿ ಒಂದರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ದೆಹಲಿಯ ದರ್ಬಾರಿನಲ್ಲಿ ಸಾರಿದ ದಿನವೇ, ಗಿರಣಿ ಕಾರ್ಯಾರಂಭ ಮಾಡಿತು. ಆದುದರಿಂದಲೇ ಅದಕ್ಕೆ ಎಂಪ್ರೆಸ್ ಮಿಲ್ ಎಂಬ ಹೆಸರು ಬಂತು. ಜೌಗು ಭೂಮಿಯಲ್ಲಿ ಹಣ ಸುರಿಯುವುದೆಂದರೆ ಬಂಗಾರವನ್ನು ಮಣ್ಣಿನಲ್ಲಿ ಹೂಳಿದಂತೆ ಎಂದು ಸಾಲ ಕೊಡಲು ಹಿಂಜರಿದ ಸಾಹುಕಾರನ ಕಥೆ ಈ ಊರಿನ ಹಳಬರಿಗೆಲ್ಲ ಗೊತ್ತು.

ಆ ಗಿರಣಿ ತನ್ನ ಕಾಲಕ್ಕಿಂತ ಬಹಳ ಮುಂದಿತ್ತು, ಇದರಲ್ಲಿ ಎರಡು ಮಾತಿಲ್ಲ. ಒಳಗಿನ ಗಾಳಿಯನ್ನು ತೇವವಾಗಿಡುವ ಯಂತ್ರ, ಬೆಂಕಿ ನಂದಿಸುವ ಏರ್ಪಾಡು ಅಲ್ಲಿದ್ದವು. ಕೆಲಸಕ್ಕೆ ತಪ್ಪಿಸಿಕೊಳ್ಳುವವರಿಗೆ ದಂಡ ಹಾಕುವುದರ ಬದಲು ಚೆನ್ನಾಗಿ ದುಡಿದವರಿಗೆ ಬಹುಮಾನ ಕೊಡುವ ಪದ್ಧತಿ ಇತ್ತು. 1886ರಲ್ಲಿ ನಿವೃತ್ತಿ ವೇತನದ ನಿಧಿ, 1895ರಲ್ಲಿ ಅಪಘಾತಕ್ಕೆ ಪರಿಹಾರ, 1901ರಲ್ಲಿ ಭವಿಷ್ಯ ನಿಧಿ ಬಂದವು. ಇದೇ ಸೌಲಭ್ಯಗಳು ದೇಶದ ಕಾಯಿದೆಯಾಗಿ ಬರಲು ಎಷ್ಟು ಕಾಲ ಹಿಡಿಯಿತೆಂದು ನೋಡಿ. ಅಪಘಾತ ಪರಿಹಾರದ ಕಾಯಿದೆ 1923ರದು. ಭವಿಷ್ಯ ನಿಧಿಯ ಕಾಯಿದೆ 1952ರದು. ಎಂದರೆ ಒಂದರಲ್ಲಿ 28 ವರ್ಷ, ಇನ್ನೊಂದರಲ್ಲಿ 51 ವರ್ಷ ಸರಕಾರಕ್ಕಿಂತ ಈ ಗಿರಣಿ ಮುಂದಿತ್ತು.

ಆದರೂ ಭಾರತದ ಕಾರ್ಮಿಕ ಚರಿತ್ರೆಯನ್ನು ಬರೆದವರು ದೇಶದ ಮೊಟ್ಟಮೊದಲ ಮುಷ್ಕರಗಳ ಸಾಲಿನಲ್ಲಿ ಹೆಸರಿಸುವುದು ಇದೇ ಎಂಪ್ರೆಸ್ ಗಿರಣಿಯನ್ನು, ಅದೂ ಬಾಗಿಲು ತೆರೆದ 1877ನೆಯ ಇಸವಿಯಲ್ಲಿಯೇ. ಕಾರಣ, ಕೂಲಿಯ ದರ. ಆಗ ಸಂಘವಿರಲಿಲ್ಲ, ಕಾಯಿದೆಯಿರಲಿಲ್ಲ, ಮುಖಂಡರ ಹೆಸರುಗಳೂ ನಮಗೆ ಉಳಿದುಬಂದಿಲ್ಲ. ಮುಷ್ಕರ ಮೊದಲು, ಸೌಕರ್ಯಗಳು ಅನಂತರ, ಎಂಬ ಕ್ರಮವನ್ನು ಮಾತ್ರ ಗಮನಿಸಬೇಕು. ಒಂದರಿಂದಲೇ ಇನ್ನೊಂದು ಬಂತೆಂದು ಸಾಧಿಸಲು ನಾನು ಹೊರಟಿಲ್ಲ. ಒಳ್ಳೆಯ ಧಣಿಯ ಕೈಕೆಳಗೆ ದುಡಿದವರಿಗೂ ತಮ್ಮ ದುಡಿಮೆಯ ಬೆಲೆಯನ್ನು ನಿರ್ಧರಿಸುವಾಗ ತಮಗೊಂದು ಮಾತು ಇರಬೇಕೆನ್ನಿಸಿತ್ತು, ಇಷ್ಟು ಖಂಡಿತ.

ಗಿರಣಿಯ ಕೊನೆಯ ಅಧ್ಯಾಯವೂ ನಿಮ್ಮ ಕಣ್ಣೆದುರಿಗೇ ನಡೆದದ್ದು. 1986ರಲ್ಲಿ ಅದು ರಾಜ್ಯ ಜವಳಿ ನಿಗಮದ ಕೈಗೆ ಬಂತು, 2002ರಲ್ಲಿ ಮುಚ್ಚಿತು. ಅದರ ನೆಲದ ಮೇಲೆ ಆಮೇಲೆ ಎದ್ದ ವ್ಯಾಪಾರ ಸಂಕೀರ್ಣಕ್ಕೂ ಎಂಪ್ರೆಸ್ ಎಂಬ ಹೆಸರೇ ಇದೆ. ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯಿತ್ತು, ಉಳಿಯಿತು.

ಇದೇ ನಾಗಪುರ ಕಾರ್ಮಿಕ ಚಳವಳಿಯ ಇನ್ನೊಂದು ದೊಡ್ಡ ಘಟನೆಗೂ ಸಾಕ್ಷಿಯಾಗಿದೆ. ಅದರಲ್ಲಿ ಒಬ್ಬ ಕನ್ನಡ ನಾಡಿನವರ ಪಾಲೂ ಇತ್ತೆಂಬುದನ್ನು ನಮ್ಮ ಸಂಘಗಳ ವೇದಿಕೆಗಳಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

1920ರಲ್ಲಿ ಮುಂಬಯಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಹುಟ್ಟಿದ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧಿವೇಶನ 1929ರ ಕೊನೆಯಲ್ಲಿ ಇಲ್ಲಿ ಸೇರಿತು. ಅಧ್ಯಕ್ಷರು ಜವಾಹರಲಾಲ್ ನೆಹರೂ. ಬ್ರಿಟಿಷ್ ಸರಕಾರ ಆಗತಾನೆ ವಿಟ್ಲಿಯವರ ನೇತೃತ್ವದಲ್ಲಿ ಕಾರ್ಮಿಕರ ಸ್ಥಿತಿಗತಿಗಳ ವಿಚಾರಣೆಗೆ ರಾಯಲ್ ಕಮಿಷನ್ನನ್ನು ನೇಮಿಸಿತ್ತು. ಅದನ್ನು ಬಹಿಷ್ಕರಿಸಬೇಕೆಂಬುದು ಅಧಿವೇಶನದ ಬಹುಮತ. ಕಮಿಷನ್ನಿನ ಸದಸ್ಯರಾಗಿದ್ದ ಎನ್. ಎಂ. ಜೋಶಿ ಮತ್ತು ದಿವಾನ್ ಚಮನ್‌ಲಾಲ್ ಇದೇ ಸಭೆಯಲ್ಲಿ ಕುಳಿತಿದ್ದರು! ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ಪ್ರತಿನಿಧಿಗಳನ್ನು ಕಳುಹಿಸಬೇಕೇ ಬೇಡವೇ, ಯಾವ ಯಾವ ವಿದೇಶೀ ಒಕ್ಕೂಟಗಳೊಡನೆ ಸಂಬಂಧವಿಡಬೇಕು ಎಂಬ ವಿವಾದಗಳೂ ಸೇರಿಕೊಂಡವು. ಕೊನೆಗೆ ಜೋಶಿ, ವಿ. ವಿ. ಗಿರಿ ಮೊದಲಾದವರು ಹೊರನಡೆದು ಬೇರೆಯೇ ಒಂದು ಒಕ್ಕೂಟವನ್ನು ಕಟ್ಟಿದರು. ಹಾಗೆ ಹೊರನಡೆದವರಲ್ಲಿ ಮಂಗಳೂರಿನ ಬೆನಗಲ್ ಶಿವರಾಯರೂ ಒಬ್ಬರು.

ಶಿವರಾಯರನ್ನು ನಾವು ನೆನೆಯುವುದು ಸಂವಿಧಾನ ರಚನೆಯ ದಾಖಲೆಗಳನ್ನು ಸಂಪಾದಿಸಿದವರೆಂದು, ಬಿ. ಎನ್. ರಾಯರ ಸೋದರರೆಂದು, 1952ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಹೋದವರೆಂದು. ಅದಕ್ಕೂ ಮುಂಚೆ ಅವರು ಮದರಾಸಿನಲ್ಲಿ ಕಾರ್ಮಿಕ ಸಂಘ ಕಟ್ಟುವ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದ್ದವರು. ಭಾರತದ ಕೈಗಾರಿಕಾ ಕಾರ್ಮಿಕನ ಬಗ್ಗೆ 1939ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದವರು. ಮದರಾಸಿನ ಆ ಅನುಭವವನ್ನು ತಿಳಿಯದೆ ಅವರ ನಾಗಪುರದ ನಿಲುವು ಅರ್ಥವಾಗುವುದಿಲ್ಲ. 1918ರಲ್ಲಿ ಬಿ. ಪಿ. ವಾಡಿಯಾ ಅಲ್ಲಿ ಮದರಾಸ್ ಲೇಬರ್ ಯೂನಿಯನ್ ಆರಂಭಿಸಿದರು. ಎರಡು ವರ್ಷಗಳಲ್ಲಿ ಬಕಿಂಗ್‌ಹ್ಯಾಂ ಗಿರಣಿಯ ಒಡೆಯರಾದ ಬಿನ್ನಿ ಕಂಪನಿಯವರು, ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಅದೇ ಬಿನ್ನಿಯವರು, ಮುಖಂಡರ ಮೇಲೆ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದರು. ಕೆಲಸಗಾರರನ್ನು ಸಂಘಟಿಸುವುದು, ಮಾಲೀಕನೊಡನೆ ಅವರು ಮಾಡಿಕೊಂಡ ಕರಾರನ್ನು ಮುರಿಯಲು ಪ್ರಚೋದಿಸಿದಂತೆ ಎಂಬುದು ಅವರ ವಾದ. ಕೆಲಸಗಾರರು ಒಟ್ಟುಗೂಡುವುದೇ ಒಳಸಂಚು ಎನ್ನಿಸಿಕೊಳ್ಳಬಹುದಾಗಿದ್ದ ಕಾಲ ಅದು. ಈ ಪ್ರಕರಣದಿಂದ ಎಚ್ಚೆತ್ತ ಎನ್. ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಪ್ರಶ್ನೆಯನ್ನೆತ್ತಿದರು. ಅದರ ಫಲ 1926ರ ಟ್ರೇಡ್ ಯೂನಿಯನ್ ಕಾಯಿದೆ. ಕಾಯಿದೆಯೊಂದು ಇಲ್ಲದಿದ್ದರೆ ಸಂಘದ ಗತಿ ಏನಾಗುತ್ತದೆಂಬುದನ್ನು ಹತ್ತಿರದಿಂದ ಕಂಡವರು ಸರಕಾರದ ವಿಚಾರಣೆಯ ಬಾಗಿಲನ್ನು ಮುಚ್ಚಲು ಒಪ್ಪದಿದ್ದುದು ಸಹಜವೇ ಆಗಿತ್ತು.

ಬಹಿಷ್ಕಾರ ಬೇಕೆಂದವರು ದೇಶದ್ರೋಹಿಗಳೂ ಅಲ್ಲ, ಬೇಡವೆಂದವರು ಸರಕಾರದ ಬಾಲಬಡುಕರೂ ಅಲ್ಲ. ಆದರೆ ಒಡೆದ ಚಳವಳಿ 1931ರಲ್ಲಿ ಕಲ್ಕತ್ತೆಯಲ್ಲಿ ಮತ್ತೊಮ್ಮೆ ಒಡೆಯಿತು, ಮತ್ತು ಬಹಿಷ್ಕೃತವಾದ ಅದೇ ಕಮಿಷನ್ ಕೊಟ್ಟ ವರದಿಯಿಂದಲೇ 1936ರ ವೇತನ ಪಾವತಿ ಕಾಯಿದೆ ಬಂತು. ತಿಂಗಳ ಸಂಬಳವನ್ನು ಗೊತ್ತಾದ ದಿನದೊಳಗೆ ಕೊಡಬೇಕು, ಮನಬಂದಂತೆ ಮುರಿದುಕೊಳ್ಳಬಾರದು ಎಂಬ ನಿಯಮ ಅಲ್ಲಿಂದ ಬಂದದ್ದು. 1938ರಲ್ಲಿ ಇದೇ ನಾಗಪುರದಲ್ಲಿ ಅಗಲಿದವರು ರಾಜಿಯಾಗಿ ಒಂದುಗೂಡಿದರು. ಎರಡು ವರ್ಷಗಳಲ್ಲಿ ವಿಲೀನ ಪೂರ್ಣವಾಯಿತು. ನನ್ನ ಮಟ್ಟಿಗೆ ಹೇಳುವುದಾದರೆ, ಶಿವರಾಯರ ಪಕ್ಷದ ವಾದದಲ್ಲಿ ಒಂದು ತಿರುಳಿತ್ತು. ಬರಹದಲ್ಲಿ ಬಂದ ಸಣ್ಣ ಹಕ್ಕನ್ನು ತುಚ್ಛವಾಗಿ ಕಾಣುವ ಸ್ವಾತಂತ್ರ್ಯ, ಆ ಹಕ್ಕಿನ ಅಗತ್ಯವೇ ಇಲ್ಲದವನಿಗೆ ಮಾತ್ರ ಇರುತ್ತದೆ.

ಇನ್ನು, ಕಾಯಿದೆ ಬರೆದುಬಿಟ್ಟರೆ ಸಾಕೇ? ಅದು ಯಾರಿಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ ಉಳಿಯಿತಲ್ಲ. ಕೆಲಸಗಾರನೆಂದರೆ ಯಾರು, ಕೈಗಾರಿಕೆಯೆಂದರೆ ಯಾವುದು? ಈ ಎರಡು ಪ್ರಶ್ನೆಗಳಿಗೆ ಇಡೀ ದೇಶಕ್ಕೆ ಉತ್ತರ ದೊರೆತದ್ದು ಕನ್ನಡ ನಾಡಿನಿಂದ ಹೋದ ಎರಡು ಪ್ರಕರಣಗಳಲ್ಲಿ ಎಂಬುದು ನಮಗೆ ಅಭಿಮಾನದ ಸಂಗತಿಯಾಗಬೇಕು.

ಮೊದಲನೆಯದು ಬೀಡಿಯದು. ನಮ್ಮ ಸುತ್ತಣ ಗೊಂದಿಯಾ, ಭಂಡಾರಾ, ಚಂದ್ರಪುರದ ಕಾಡುಗಳಲ್ಲಿ ಬೇಸಿಗೆಯಲ್ಲಿ ಕೊಯ್ಯುವ ತೆಂದು ಎಲೆಯನ್ನು ನೀವು ಕಂಡಿದ್ದೀರಿ. ಮಧ್ಯ ಭಾರತದ ಇಂಥ ಕಾಡುಗಳ ಎಲೆಯೇ ದಕ್ಷಿಣ ಕನ್ನಡದಲ್ಲಿ, ಕಾಸರಗೋಡಿನಲ್ಲಿ ಮನೆಮನೆಯ ಜಗಲಿಗೆ ತಲಪಿ, ಹೆಂಗಸರ ಮೊರದಲ್ಲಿ ಬೀಡಿಯಾಗುತ್ತದೆ. ಬೀಡಿ ಕಟ್ಟುವವಳು ಕಾರ್ಖಾನೆಯೊಳಗೆ ಕಾಲಿಟ್ಟವಳಲ್ಲ. ಎಲೆ-ಹೊಗೆಸೊಪ್ಪು ಕೊಡುವವನು ಗುತ್ತಿಗೆದಾರ. ಗುರುತಿನ ಚೀಟಿ ಅಂಟಿಸಿ ಮಾರುವವನು ಇನ್ನೊಬ್ಬ. ಆಕೆ ಯಾರ ಕೆಲಸಗಾರ್ತಿ? 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ, ಮನೆಯಲ್ಲಿ ಕುಳಿತು ಕಟ್ಟುವವರೂ ಕೆಲಸಗಾರರೇ ಎಂದಿತು. ಉದ್ಯಮಿಗಳು ಸುಮ್ಮನಿರಲಿಲ್ಲ. ಕೇರಳದಲ್ಲಿ ಕಾಯಿದೆ ಜಾರಿಗೆ ಬರುವ ಹೊತ್ತಿಗೆ ಮಂಗಳೂರಿನ ಗಣೇಶ್ ಬೀಡಿಯವರು ಕಣ್ಣೂರು ಕಡೆಯ ಕೆಲಸವನ್ನು ನಿಲ್ಲಿಸಿದರು. ಕೆಲಸ ಕಳೆದುಕೊಂಡವರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿಕೊಂಡದ್ದು ಅದರಿಂದಲೇ. ಕಾಯಿದೆ ಗಡಿಯ ಈಚೆಗೆ ಬಂದರೆ ಉದ್ಯಮ ಗಡಿಯ ಆಚೆಗೆ ಹೋಗುವ ಆಟ ಹೊಸದೇನೂ ಅಲ್ಲವೆಂದಾಯಿತು. ಕಾಯಿದೆಯ ಸಿಂಧುತ್ವದ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿಯಿತು. ಜಗಲಿಯ ಮೇಲಿನ ಹೆಂಗಸಿಗೆ ಧಣಿ ಯಾರೆಂಬುದು ತಿಳಿಯಿತು.

ಎರಡನೆಯದು ಬೆಂಗಳೂರು ಜಲಮಂಡಳಿಯದು. ಎ. ರಾಜಪ್ಪ ಮತ್ತಿತರ ನೌಕರರಿಗೆ ಮಂಡಳಿ ದಂಡ ವಿಧಿಸಿತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ನಾವು ಕೈಗಾರಿಕೆಯೇ ಅಲ್ಲ, ಸಾರ್ವಜನಿಕರಿಗೆ ನೀರು ಕೊಡುವ ಶಾಸನಬದ್ಧ ಸಂಸ್ಥೆ ಎಂದು ಮಂಡಳಿ ವಾದಿಸಿತು. 1978ರ ಫೆಬ್ರವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮುಖ್ಯ ತೀರ್ಪನ್ನು ಬರೆದವರು ಕೃಷ್ಣ ಅಯ್ಯರ್. ವ್ಯವಸ್ಥಿತವಾದ ಚಟುವಟಿಕೆ, ಮಾಲೀಕ-ನೌಕರರ ಸಹಕಾರ, ಜನರ ಅಗತ್ಯಗಳಿಗಾಗಿ ವಸ್ತು ಅಥವಾ ಸೇವೆಯ ಪೂರೈಕೆ, ಇವಿಷ್ಟಿದ್ದರೆ ಅದು ಕೈಗಾರಿಕೆ. ಲಾಭದ ಉದ್ದೇಶ ಇದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ಆಸ್ಪತ್ರೆ, ಶಾಲೆ, ಕ್ಲಬ್ಬು, ದತ್ತಿಸಂಸ್ಥೆ, ಎಲ್ಲವೂ ಈ ಅಳತೆಗೋಲಿನ ಕೆಳಗೆ ಬಂದವು. ಹೀಗೆ ತೆರೆದ ಬಾಗಿಲನ್ನು ಮತ್ತೆ ಕಿರಿದುಮಾಡುವ ಪ್ರಯತ್ನಗಳೂ ಅಂದಿನಿಂದಲೇ ನಡೆದವು. 1982ರಲ್ಲಿ ಸಂಸತ್ತು ತಿದ್ದುಪಡಿಯನ್ನು ಅಂಗೀಕರಿಸಿದರೂ ಆ ವ್ಯಾಖ್ಯೆ ಜಾರಿಗೆ ಬರಲೇ ಇಲ್ಲ. ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆ ಮಾತ್ರ ದತ್ತಿ, ಸಮಾಜಸೇವೆ, ಪರೋಪಕಾರಗಳಲ್ಲಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನು ಕೈಗಾರಿಕೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಪರೋಪಕಾರಿಯ ಕೈಕೆಳಗೆ ದುಡಿಯುವವನಿಗೆ ರಕ್ಷಣೆ ಕಡಿಮೆ ಎಂದಂತಾಯಿತಲ್ಲವೇ? ಈ ಮಾತಿಗೆ ಮತ್ತೆ ಬರುತ್ತೇನೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಈ ಸಭೆಯಲ್ಲಿ ರೈಲ್ವೆಯಲ್ಲಿದ್ದವರಿದ್ದೀರಿ, ಕಲ್ಲಿದ್ದಲು ಗಣಿಯ ಕಂಪನಿಯಲ್ಲಿ, ಬ್ಯಾಂಕಿನಲ್ಲಿ, ಸರಕಾರಿ ಕಚೇರಿಗಳಲ್ಲಿ ದುಡಿದವರಿದ್ದೀರಿ. 1974ರ ಮೇ ತಿಂಗಳಲ್ಲಿ ಇಪ್ಪತ್ತು ದಿನ ನಡೆದ ರೈಲ್ವೆ ಮುಷ್ಕರವನ್ನು ಕಂಡ ಹಿರಿಯರೂ ಇದ್ದೀರಿ. ನಿಮ್ಮ ಸಂಬಳ, ರಜೆ, ಪಿಂಚಣಿ ಎಲ್ಲವೂ ಬರಹದಲ್ಲಿದ್ದವು. ನಿಮ್ಮ ಪರವಾಗಿ ಮಾತನಾಡಲು ಸಂಘವಿತ್ತು. ಆ ಮುಷ್ಕರದ ನಾಯಕ ಜಾರ್ಜ್ ಫರ್ನಾಂಡಿಸ್ ಮಂಗಳೂರಿನವರೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅವರು ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಂಗಳೂರಿನಲ್ಲಿ ಮೊದಲು ಸಂಘಟಿಸಲು ಹೊರಟದ್ದು ಬಸ್ಸಿನ ನೌಕರರನ್ನು ಮತ್ತು ಹೋಟೆಲಿನ ಮಾಣಿಗಳನ್ನು. ರೈಲ್ವೆಯವರಿಗೆ ಸಂಘ ಉಳಿಯಿತು. ಹೋಟೆಲಿನ ಮಾಣಿಗೆ?

ಕರಾವಳಿಯ ಹುಡುಗ ಅಣ್ಣನ ಅಥವಾ ಮಾವನ ಕೈಹಿಡಿದು ರೈಲು ಹತ್ತಿ ಪರನಾಡಿಗೆ ಬಂದು, ಮೊದಲು ಲೋಟ ತೊಳೆದು, ಆಮೇಲೆ ಮೇಜು ಒರೆಸಿ, ಅನಂತರ ಸಪ್ಲೈಯರನಾಗಿ, ಅದೃಷ್ಟವಿದ್ದರೆ ಗಲ್ಲಾದ ಮೇಲೆ ಕುಳಿತು, ಕೊನೆಗೆ ತಾನೇ ಒಂದು ಹೋಟೆಲು ಇಡುವ ಕಥೆ ನಮ್ಮ ಹೊರನಾಡ ಬದುಕಿನ ವೀರಗಾಥೆ. ಮುಂಬಯಿಯ ಮಾತುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಥಾಪಿಸಿದ ಎ. ರಾಮ ನಾಯಕರು ಅಡುಗೆಮನೆಯ ಹುಡುಗನಾಗಿಯೇ ಆರಂಭಿಸಿದವರು. ಹಗಲು ದುಡಿದ ಮಾಣಿಗಳಿಗಾಗಿ ಮುಂಬಯಿಯ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸಿದರು. ಅದು ನಿಜವಾಗಿಯೂ ದೊಡ್ಡ ಕೆಲಸ. ಈ ಗಾಥೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೇಲೇರಿದವನ ಕಥೆಯನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಏರದೆ ಉಳಿದವನು?

ಅಂಥ ಒಬ್ಬರ ಪ್ರಕರಣವನ್ನು ನಾನು ನಡೆಸಿದೆ. ಹೆಸರು ಬೇಡ, ಹೋಟೆಲಿನ ಹೆಸರೂ ಬೇಡ. ಕುಂದಾಪುರದ ಕಡೆಯವರು. ಇಪ್ಪತ್ತೆರಡು ವರ್ಷ ಒಂದೇ ಹೋಟೆಲಿನ ಅಡುಗೆಮನೆಯಲ್ಲಿ ದುಡಿದಿದ್ದರು. ಧಣಿಗಳು ಒಳ್ಳೆಯವರೇ. ಊಟ, ಮಲಗಲು ಮೇಲಿನ ಅಟ್ಟ, ತಂಗಿಯ ಮದುವೆಗೆ ಹಣ, ಕಾಯಿಲೆ ಬಿದ್ದಾಗ ಆಸ್ಪತ್ರೆಯ ಖರ್ಚು, ಎಲ್ಲವನ್ನೂ ನೋಡಿಕೊಂಡಿದ್ದರು. "ನಮ್ಮ ಧಣಿಗಳು ದೇವರಂಥವರು, ವಕೀಲರೇ" ಎಂದು ನನ್ನೆದುರು ಕುಳಿತು ಹೇಳುವಾಗ ಅವರ ದನಿಯಲ್ಲಿ ಕಪಟವಿರಲಿಲ್ಲ. ದೇವರಂಥ ಧಣಿಗಳು ತೀರಿಕೊಂಡರು. ಮಕ್ಕಳು ಬೇರೆ ಊರಿನಲ್ಲಿ ನೌಕರಿಯಲ್ಲಿದ್ದವರು. ಹೋಟೆಲನ್ನು ಬೇರೆಯವರಿಗೆ ವಹಿಸಿಕೊಟ್ಟರು. ಹೊಸಬರು ತಮ್ಮ ಕಡೆಯ ಭಟ್ಟರನ್ನು ಕರೆತಂದು, ಇವರ ಕೈಗೆ ಸ್ವಲ್ಪ ಹಣವಿತ್ತು, ಮರಾಠಿಯಲ್ಲಿ ಬರೆದ ಒಂದು ಹಾಳೆಯ ಮೇಲೆ ಸಹಿ ಮಾಡಿಸಿಕೊಂಡರು. ಇವರಿಗೆ ಮರಾಠಿ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಎಲ್ಲ ಬಾಕಿಯೂ ತೀರಿತು, ಇನ್ನು ಯಾವ ಹಕ್ಕೂ ಇಲ್ಲ ಎಂದು ಅದರಲ್ಲಿ ಬರೆದಿತ್ತು.

ಸೇವೆಯ ದಾಖಲೆ ಏನಿದೆ ಎಂದು ಕೇಳಿದೆ. ನೇಮಕದ ಪತ್ರವಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿರಲಿಲ್ಲ. ಅವರು ತಮ್ಮ ತಗಡಿನ ಪೆಟ್ಟಿಗೆಯಿಂದ ತಂದದ್ದು ಎರಡು ವಸ್ತುಗಳನ್ನು: ಗಣೇಶ ಚತುರ್ಥಿಯ ದಿನ ಧಣಿಗಳ ಪಕ್ಕದಲ್ಲಿ ನಿಂತ ಒಂದು ಭಾವಚಿತ್ರ, ಮತ್ತು ತಾಯಿಗೆ ಕಳುಹಿಸಿದ ಮನಿಯಾರ್ಡರುಗಳ ರಸೀದಿಗಳ ಒಂದು ಕಟ್ಟು. ರಸೀದಿಗಳನ್ನು ವರ್ಷವಾರು ಜೋಡಿಸಿ ದಾರ ಕಟ್ಟಿದ್ದರು. ಅವು ಈತ ಈ ವಿಳಾಸದಲ್ಲಿ ವಾಸವಾಗಿದ್ದನೆಂಬುದನ್ನು ತೋರಿಸಬಹುದೇ ಹೊರತು ಇಲ್ಲಿ ನೌಕರನಾಗಿದ್ದನೆಂಬುದನ್ನಲ್ಲ ಎಂದು ಎದುರು ಪಕ್ಷದ ವಕೀಲರು ವಾದಿಸಿದರು. ವೃತ್ತಿಯ ದೃಷ್ಟಿಯಿಂದ ಅದು ಸರಿಯಾದ ವಾದವೇ. ಕೊನೆಗೆ ರಾಜಿಯಲ್ಲಿ ದೊರೆತ ಹಣ ಅವರ ಇಪ್ಪತ್ತೆರಡು ವರ್ಷಗಳಿಗೆ ಯಾವ ರೀತಿಯಿಂದಲೂ ಸಮವಲ್ಲ. ತೆಗೆದುಕೊಂಡು ಊರಿಗೆ ಹೋದರು.

ಇದರಲ್ಲಿ ನ್ಯಾಯಾಲಯವನ್ನು ದೂರಿ ಫಲವಿಲ್ಲ. ಕಾನೂನು ಏನೆನ್ನುತ್ತದೆಂಬುದಕ್ಕೆ ಮತ್ತೆ ನಮ್ಮ ನಾಡಿನದೇ ಎರಡು ಪ್ರಕರಣಗಳನ್ನು ಹೇಳುತ್ತೇನೆ. ಹಿಂದಿನ ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ, ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ನೋಟೀಸು ಮತ್ತು ಪರಿಹಾರವಿಲ್ಲದೆ ಕೆಲಸದಿಂದ ತೆಗೆಯುವಂತಿರಲಿಲ್ಲ. ಆ 240 ದಿನಗಳನ್ನು ಸಾಬೀತುಪಡಿಸಬೇಕಾದವರು ಯಾರು? ಕರ್ನಾಟಕದ ಅರಣ್ಯ ಇಲಾಖೆ ಮತ್ತು ಎಸ್. ಟಿ. ಹಡಿಮನಿ ಎಂಬ ದಿನಗೂಲಿಯವರ ನಡುವಣ ಪ್ರಕರಣದಲ್ಲಿ 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು: ಆ ಹೊಣೆ ಕೆಲಸಗಾರನದು, ತಾನು ದುಡಿದೆನೆಂಬ ಅವನ ಸ್ವಂತ ಪ್ರಮಾಣಪತ್ರವೊಂದೇ ಸಾಲದು, ಸಂಬಳದ ರಸೀದಿಯೋ ನೇಮಕದ ಆದೇಶವೋ ಬೇಕು. ಹಡಿಮನಿ ಸೋತರು. ಮೂರು ವರ್ಷಗಳ ಅನಂತರ, 2005ರಲ್ಲಿ, ಅದೇ ಕರ್ನಾಟಕದಿಂದ ಆರ್. ಎಂ. ಯೆಲ್ಲಟ್ಟಿ ಎಂಬವರ ಪ್ರಕರಣ ಹೋಯಿತು. ಅವರೂ ದಿನಗೂಲಿಯವರೇ. ಆದರೆ ಅವರ ಬಳಿ, ಇಂಥ ದಿನದಿಂದ ಇಂಥ ದಿನದವರೆಗೆ ಈತ ನಮ್ಮಲ್ಲಿ ದುಡಿದಿದ್ದಾನೆಂದು ಇಲಾಖೆಯ ಎಂಜಿನಿಯರು ಬರೆದುಕೊಟ್ಟ ಒಂದು ಪತ್ರವಿತ್ತು. ಇಲಾಖೆ ಮಸ್ಟರ್ ರೋಲುಗಳನ್ನು ಪೂರ್ತಿಯಾಗಿ ಹಾಜರುಪಡಿಸಲಿಲ್ಲ. ಯೆಲ್ಲಟ್ಟಿ ಗೆದ್ದರು. ಅವರಿಗೂ ಹಡಿಮನಿಯವರಿಗೂ ನಡುವೆ ಇದ್ದ ಅಂತರ ಒಂದು ಹಾಳೆ ಕಾಗದದಷ್ಟು.

ಈಗ ಬಂದಿರುವ ಹೊಸ ಕಾಯಿದೆಗಳ ಬಗ್ಗೆ ನಾಲ್ಕು ಮಾತು. 29 ಕೇಂದ್ರ ಕಾಯಿದೆಗಳನ್ನು ಒಟ್ಟುಗೂಡಿಸಿದ ನಾಲ್ಕು ಸಂಹಿತೆಗಳು 2019 ಮತ್ತು 2020ರಲ್ಲಿ ಸಂಸತ್ತಿನಲ್ಲಿ ಅಂಗೀಕೃತವಾಗಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. 1926ರ ಟ್ರೇಡ್ ಯೂನಿಯನ್ ಕಾಯಿದೆಯೂ 1966ರ ಬೀಡಿ ಕಾಯಿದೆಯೂ ಇವುಗಳಲ್ಲಿ ಕರಗಿವೆ. ಹೊಗಳಬೇಕಾದುದನ್ನು ಹೊಗಳೋಣ. ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಬೇಕೆಂಬ ನಿಯಮ ಬಂದಿದೆ. ಕೆಲಸ ಬಿಟ್ಟವನ ಅಥವಾ ತೆಗೆದುಹಾಕಲ್ಪಟ್ಟವನ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ಗೊತ್ತಾದ ಅವಧಿಗೆ ನೇಮಕಗೊಂಡವನಿಗೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿ ಸಲ್ಲುತ್ತದೆ. ಇನ್ನೊಂದು ಕಡೆ, ಹಿಂದೆ ನೀರು, ರೈಲು ಮುಂತಾದ ಅಗತ್ಯ ಸೇವೆಗಳಿಗೆ ಮಾತ್ರ ಇದ್ದ ಮುಷ್ಕರದ ಮುನ್ಸೂಚನೆ ಈಗ ಎಲ್ಲ ಕೈಗಾರಿಕೆಗಳಿಗೂ ಕಡ್ಡಾಯವಾಗಿದೆ. ಕಾರ್ಖಾನೆ ಮುಚ್ಚಲು ಸರಕಾರದ ಅನುಮತಿ ಬೇಕಾಗಿದ್ದ ಕೆಲಸಗಾರರ ಸಂಖ್ಯೆ 100ರಿಂದ 300ಕ್ಕೆ ಏರಿದೆ. ಇವು ನನಗೆ ಒಪ್ಪಿಗೆಯಿಲ್ಲ. ಹಾಗೆಂದು 1929ರ ಬಹಿಷ್ಕಾರವಾದಿಗಳಂತೆ ನೇಮಕಾತಿ ಪತ್ರವನ್ನೂ ಒದೆಯಲು ಸಿದ್ಧನಿಲ್ಲ.

ನಮ್ಮ ಹೋಟೆಲುಗಳ ಮಟ್ಟಿಗೆ ಮುಳ್ಳಿರುವುದು ಸಂಖ್ಯೆಯಲ್ಲಿ. ಆ ನೇಮಕಾತಿ ಪತ್ರದ ನಿಯಮವಿರುವ ಸಂಹಿತೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸ್ಥಳಗಳಿಗೆ ಅನ್ವಯಿಸುತ್ತದೆ. ರಾಜ್ಯ ವಿಮೆಗೂ ಹತ್ತು, ಗ್ರಾಚ್ಯುಯಿಟಿಗೂ ಹತ್ತು, ಭವಿಷ್ಯ ನಿಧಿಗೆ ಇಪ್ಪತ್ತು. ಈ ರಾಜ್ಯದ 1948ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಇಂಥ ಲೆಕ್ಕವಿಡದೆ ಹೋಟೆಲಿನವನಿಗೂ ದಿನಕ್ಕೆ 9 ಗಂಟೆಯ ಮಿತಿಯನ್ನು ಹಾಕಿತ್ತು. ಅದರ ಸ್ಥಾನಕ್ಕೆ ಬಂದ 2017ರ ಕಾಯಿದೆ ಹತ್ತಕ್ಕಿಂತ ಕಡಿಮೆ ಜನರಿರುವ ಸ್ಥಳಗಳನ್ನು ತನ್ನ ಬಹುಪಾಲು ನಿಯಮಗಳಿಂದ ಹೊರಗಿಟ್ಟಿತು. ಪುಸ್ತಕದಲ್ಲಿ ಒಂಬತ್ತೇ ಹೆಸರು ಬರುವಂತೆ ನೋಡಿಕೊಳ್ಳುವುದು, ಒಂದೇ ಅಡುಗೆಮನೆಯ ಹೋಟೆಲನ್ನು ಅಣ್ಣನ ಹೆಸರಿನಲ್ಲಿ ಒಂದು, ತಮ್ಮನ ಹೆಸರಿನಲ್ಲಿ ಒಂದು ಎಂದು ತೋರಿಸುವುದು, ಈ ವಿದ್ಯೆಯನ್ನು ನಾನು ವಿವರಿಸಬೇಕಾಗಿಲ್ಲ. ಇಲ್ಲಿ ಕೆಲವರು ನಗುತ್ತಿದ್ದೀರಿ.

ಹೋಟೆಲಿನ ಒಡೆಯರಾದ ಬಂಧುಗಳು ಹೇಳುವ ಮಾತನ್ನೂ ನಾನು ಬಲ್ಲೆ. "ಅವನು ನೌಕರನಲ್ಲ ಸ್ವಾಮಿ, ನಮ್ಮೂರ ಹುಡುಗ, ಮನೆಯವನ ಹಾಗೆ. ಅವನಿಗೆ ಕಾಗದ ಕೊಟ್ಟರೆ ಸಂಬಂಧ ಕೆಡುತ್ತದೆ." ಬಾಡಿಗೆ ಏರಿದೆ, ಗ್ಯಾಸು ಏರಿದೆ, ಹೊಸ ಹೊಸ ತಿಂಡಿಯ ಮಳಿಗೆಗಳ ಪೈಪೋಟಿ ಇದೆ ಎಂಬ ಅವರ ಕಷ್ಟವೂ ಸುಳ್ಳಲ್ಲ. ಆದರೆ ಮನೆಯವನಿಗೆ ಆಸ್ತಿಯಲ್ಲಿ ಪಾಲಿದೆ. ಇವನಿಗೆ ಅದೂ ಇಲ್ಲ, ನೌಕರನಿಗಿರುವ ಹಕ್ಕೂ ಇಲ್ಲ. ಎರಡರ ನಡುವಿನ ಅಟ್ಟದಲ್ಲಿ ಮಲಗಿದ್ದಾನೆ. ಊಟ ಹಾಕಿದ್ದೇನೆಂಬುದು ಸಂಬಳಕ್ಕೆ ಸಮನಲ್ಲ. ಕನಿಷ್ಠ ವೇತನವನ್ನು ಹಣದ ರೂಪದಲ್ಲಿಯೇ ಕೊಡಬೇಕೆಂಬುದು 1948ರ ಕನಿಷ್ಠ ವೇತನ ಕಾಯಿದೆಯ ಕಾಲದಿಂದಲೂ ಇರುವ ಸಾಮಾನ್ಯ ನಿಯಮ. ಕಾಗದದಿಂದ ಒಡೆಯನಿಗೂ ಲಾಭವಿದೆ. ನಾನು ಒಡೆಯರ ಪರವಾಗಿ ವಾದಿಸಿದ ಪ್ರಕರಣಗಳೂ ಇವೆ. ದಾಖಲೆಯಿಲ್ಲದ ಒಡೆಯ, ಮೂರು ತಿಂಗಳು ದುಡಿದು ಹೋದವನು ಹತ್ತು ವರ್ಷ ದುಡಿದೆನೆಂದು ದಾವೆ ಹೂಡಿದಾಗ ತಬ್ಬಿಬ್ಬಾಗುವುದನ್ನು ಕಂಡಿದ್ದೇನೆ.

ಹತ್ತು ಜನರಿಲ್ಲದ ಕಡೆ ಕಾಯಿದೆ ಒತ್ತಾಯಿಸುವುದಿಲ್ಲ ನಿಜ. ಆದರೆ ತಡೆಯುವುದೂ ಇಲ್ಲ. ಮೂವರಿರುವ ಹೋಟೆಲಿನವನೂ ಒಂದು ಹಾಳೆಯ ಮೇಲೆ ಹೆಸರು, ತಂದೆಯ ಹೆಸರು, ಕೆಲಸಕ್ಕೆ ಸೇರಿದ ದಿನ, ಕೆಲಸದ ಬಗೆ, ತಿಂಗಳ ಸಂಬಳ, ವಾರದ ರಜೆ ಇಷ್ಟನ್ನು ಬರೆದು ಸಹಿ ಮಾಡಿ ಕೊಡಬಹುದು. ಹುಡುಗ ಕನ್ನಡ ಮಾತ್ರ ಓದಬಲ್ಲವನಾದರೆ ಕನ್ನಡದಲ್ಲಿಯೂ, ಇಲ್ಲಿನ ಕಚೇರಿಗಳಿಗಾಗಿ ಮರಾಠಿಯಲ್ಲಿಯೂ ಇರಲಿ. ನವೆಂಬರ್ ಒಂದರಂದು ನಾವು ಕೂಗುವ ಕನ್ನಡ ಇಂಥ ಹಾಳೆಯ ಮೇಲೂ ಒಮ್ಮೆ ಇಳಿಯಲಿ.

ಆಗಲೇ ಹೇಳಿದ ಪರೋಪಕಾರಿ ಸಂಸ್ಥೆಯ ಮಾತಿಗೆ ಬಂದೆ. ಹೊರನಾಡಿನ ಹಲವು ಕನ್ನಡ ಸಂಘಗಳಿಗೆ ಸ್ವಂತ ಭವನವಿದೆ. ಅಲ್ಲಿ ಕಾವಲುಗಾರನಿದ್ದಾನೆ, ಕಸ ಗುಡಿಸುವಾಕೆ ಇದ್ದಾಳೆ, ಕಾರ್ಯಕ್ರಮಗಳಿಗೆ ಅಡುಗೆ ಮಾಡುವವರಿದ್ದಾರೆ, ಲೆಕ್ಕ ಬರೆಯುವ ಗುಮಾಸ್ತನಿದ್ದಾನೆ. ಬೆಂಗಳೂರು ಜಲಮಂಡಳಿಯ ತೀರ್ಪಿನ ಪ್ರಕಾರ ಅವರ ಬಗೆಗೆ ನಮಗಿದ್ದ ಹೊಣೆಯಿಂದ, ಹೊಸ ವ್ಯಾಖ್ಯೆಯನ್ನು ಹಿಡಿದು, ನಾವು ನುಣುಚಿಕೊಳ್ಳಬಹುದೆಂದು ಯಾವ ವಕೀಲನಾದರೂ ಸಲಹೆ ಕೊಟ್ಟಾನು. ಕೊಡದಿದ್ದರೆ ನಾನೇ ಕೊಡಬಲ್ಲೆ, ಅಷ್ಟು ಅಭ್ಯಾಸ ನನಗಿದೆ. ಅದರ ಬದಲು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಮ್ಮ ಸಂಘಕ್ಕೆ ದುಡಿಯುವ ಪ್ರತಿಯೊಬ್ಬರಿಗೂ ಪತ್ರ ಕೊಡುವ ನಿರ್ಣಯ ಆಗಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ. ಹೋಟೆಲಿನ ಬಂಧುಗಳನ್ನು ಕೇಳುವ ಮುಂಚೆ ಅದು ಆಗಲೇಬೇಕು. ಪತ್ರದ ಮಾದರಿಯನ್ನು ಕನ್ನಡ ಮತ್ತು ಮರಾಠಿಯಲ್ಲಿ, ಒಂದೇ ಹಾಳೆಯ ಎರಡು ಮಗ್ಗುಲಲ್ಲಿ, ಸಿದ್ಧಮಾಡಿ ತಂದಿದ್ದೇನೆ. ಐವತ್ತು ಪ್ರತಿಗಳನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಬೇಕಾದವರು ಹೋಗುವಾಗ ಅವರಿಂದ ಪಡೆದುಕೊಳ್ಳಬಹುದು. ಸಾಲದೆ ಬಂದರೆ ಮತ್ತೆ ಮಾಡಿಸಿಕೊಡುತ್ತೇನೆ.